ಅಧಿಕ ಸೆಕೆಂಡು, ಕ್ಷಯ ಸೆಕೆಂಡು

1972ರಿಂದ 2016ರ ಕೊನೆಯವರೆಗೆ ಜಗತ್ತಿನ ಗಡಿಯಾರಗಳಿಗೆ 27 ಸಲ ಒಂದೊಂದು ಸೆಕೆಂಡು ಸೇರಿಸಿದ್ದಾರೆ. ಸೇರಿಸುವುದು ಗ್ರೀನಿಚ್ ಲೆಕ್ಕದ ನಡುರಾತ್ರಿಗೆ. ನಮ್ಮಲ್ಲಿ ಆಗ ಬೆಳಗಿನ ಐದೂವರೆ. ಕೊನೆಯ ಸಲ, ಅಂದರೆ 2017ರ ಜನವರಿ 1ರಂದು, ಭಾರತದ ಅಧಿಕೃತ ಸಮಯ ಕಾಯುವ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ 5:29:59 ಆದ ಮೇಲೆ 5:29:60 ಎಂಬ ಇನ್ನೊಂದು ಸೆಕೆಂಡನ್ನು ಎಣಿಸಿ, ಆಮೇಲೆ ಐದೂವರೆ ಅಂದಿತು. ಹಾಲಿನವರಿಗಾಗಲಿ ಮೊದಲ ಬಸ್ಸು ಹಿಡಿದವರಿಗಾಗಲಿ ಇದು ತಿಳಿಯಲಿಲ್ಲ, ತಿಳಿಯಬೇಕಾದ್ದೂ ಇರಲಿಲ್ಲ. ಆದರೆ ಕಂಪ್ಯೂಟರ್ ಜಾಲಗಳನ್ನು ನಡೆಸುವವರಿಗೆ ಈ ಒಂದು ಸೆಕೆಂಡು ಎಂದರೆ ಅಷ್ಟಿಷ್ಟು ಭಯವಲ್ಲ. 2022ರ ನವೆಂಬರಿನಲ್ಲಿ ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ ಸೇರಿದ ತೂಕ ಮತ್ತು ಅಳತೆಗಳ ಮಹಾಸಭೆ, ಹೀಗೆ ಆಗಾಗ ಸೆಕೆಂಡು ಸೇರಿಸುವ ಪದ್ಧತಿಯನ್ನು 2035ರೊಳಗೆ ಕೈಬಿಡಲು ತೀರ್ಮಾನಿಸಿತು. ತೀರ್ಮಾನವೇನೋ ಆಯಿತು. ಅದರ ಜಾಗಕ್ಕೆ ಏನು ಬರಬೇಕು ಎಂಬುದು ಮಾತ್ರ ಬಗೆಹರಿದಿಲ್ಲ. ಅಷ್ಟರಲ್ಲಿ ಭೂಮಿ ಬೇರೆಯದೇ ಆಟ ಶುರು ಮಾಡಿದೆ.

ಹೀಗೆ ಸೇರಿಸುವ ‘ಲೀಪ್ ಸೆಕೆಂಡಿ’ನ ಬಗ್ಗೆ ಸಾಮಾನ್ಯವಾಗಿ ಕೊಡುವ ವಿವರಣೆ ಹೀಗಿರುತ್ತದೆ: ಭೂಮಿ ತಿರುಗುವ ವೇಗ ಕಡಿಮೆಯಾಗುತ್ತಿದೆ, ಅದಕ್ಕೇ ಗಡಿಯಾರವನ್ನು ಆಗಾಗ ನಿಲ್ಲಿಸಿ ಭೂಮಿಗೆ ಕಾಯಬೇಕಾಗುತ್ತದೆ. ಇದರಲ್ಲಿ ಅರ್ಧ ಮಾತ್ರ ನಿಜ. ನಲವತ್ತನಾಲ್ಕು ವರ್ಷದಲ್ಲಿ 27 ಸೆಕೆಂಡು ಹೆಚ್ಚಾಗುವಷ್ಟು ಭೂಮಿ ನಿಧಾನವಾಗಿಲ್ಲ. ನಾವು ‘ಸೆಕೆಂಡು’ ಎಂದು ಹಿಡಿದುಕೊಂಡ ಅಳತೆಯೇ ಮೊದಲಿನಿಂದ ತುಸು ಗಿಡ್ಡವಾಗಿತ್ತು. ಈ ಕತೆ ಸ್ವಲ್ಪ ಬಿಡಿಸಿ ಹೇಳುವಂಥದು.

ದಿನವನ್ನು 86,400 ಪಾಲು ಮಾಡಿದರೆ ಒಂದು ಪಾಲು ಒಂದು ಸೆಕೆಂಡು ಎಂಬುದು ಹಳೆಯ ಲೆಕ್ಕ. ಅಲ್ಲಿ ಭೂಮಿಯೇ ಗಡಿಯಾರ. ಆ ಗಡಿಯಾರ ಸರಿಯಾಗಿ ನಡೆಯುತ್ತಿಲ್ಲ ಎಂಬ ಅನುಮಾನ ಖಗೋಳಶಾಸ್ತ್ರಜ್ಞರಿಗೆ ಹಳೆಯದು. ಪ್ಯಾರಿಸ್‌ನ ನಿಕೊಲಾ ಸ್ಟಾಯ್ಕೊ 1937ರಲ್ಲಿ, ಭೂಮಿಯ ಸುತ್ತು ಋತುಮಾನಕ್ಕೆ ತಕ್ಕಂತೆ ಹೆಚ್ಚುಕಡಿಮೆ ಆಗುತ್ತದೆಂದು ತೋರಿಸಿಕೊಟ್ಟ. ಚಂದ್ರ, ಸೂರ್ಯ ಮತ್ತು ಗ್ರಹಗಳು ಲೆಕ್ಕಕ್ಕಿಂತ ಮುಂದೆ ಹೋದಂತೆ ಕಾಣುವುದಕ್ಕೆ ಅವುಗಳ ತಪ್ಪು ಕಾರಣವಲ್ಲ, ನಮ್ಮ ಕಾಲಿನ ಕೆಳಗಿನ ನೆಲದ ಅಳತೆ ತಪ್ಪಿದೆ ಎಂದು 1939ರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಸ್ಪೆನ್ಸರ್ ಜೋನ್ಸ್ ಖಚಿತಪಡಿಸಿದ. ಹಾಗಾಗಿ ಸೆಕೆಂಡನ್ನು ಭೂಮಿಯ ಸುತ್ತಿನಿಂದ ಬಿಡಿಸಿ, ಸೂರ್ಯನ ಸುತ್ತಲಿನ ಅದರ ವಾರ್ಷಿಕ ಚಲನೆಗೆ ಕಟ್ಟಿದರು. ಅದಕ್ಕೆ ಆಧಾರವಾದದ್ದು ಅಮೆರಿಕದ ಸೈಮನ್ ನ್ಯೂಕೂಂಬ್ 1895ರ ಹೊತ್ತಿಗೆ ಸಿದ್ಧಪಡಿಸಿದ ಸೂರ್ಯಗಣಿತದ ಕೋಷ್ಟಕಗಳು. ಅವು 1750ರಿಂದ ಸುಮಾರು ಒಂದೂವರೆ ಶತಮಾನದ ವೀಕ್ಷಣೆಗಳಿಂದ ಬಂದವು. ಹಾಗಾಗಿ ಅವುಗಳೊಳಗೆ ಕೂತಿದ್ದ ಸೆಕೆಂಡು 1820ರ ಆಸುಪಾಸಿನ ದಿನದ್ದು.

ಇಂಗ್ಲೆಂಡಿನ ಟೆಡಿಂಗ್ಟನ್‌ನಲ್ಲಿ ಲೂಯಿಸ್ ಎಸ್ಸೆನ್ ಮತ್ತು ಜ್ಯಾಕ್ ಪ್ಯಾರಿ 1955ರಲ್ಲಿ ಮೊದಲ ಬಳಕೆಯೋಗ್ಯ ಸೀಸಿಯಂ ಪರಮಾಣು ಗಡಿಯಾರ ಕಟ್ಟಿದರು. ವಾಷಿಂಗ್ಟನ್ನಿನ ನೌಕಾ ವೀಕ್ಷಣಾಲಯದಲ್ಲಿ ವಿಲಿಯಂ ಮಾರ್ಕೊವಿಟ್ಜ್ ಚಂದ್ರನ ಛಾಯಾಚಿತ್ರಗಳಿಂದ ಸಮಯ ಅಳೆಯುತ್ತಿದ್ದ. ಮೂರು ವರ್ಷ ಎರಡನ್ನೂ ತಾಳೆ ಹಾಕಿ ನೋಡಿದಾಗ, ನ್ಯೂಕೂಂಬನ ಒಂದು ಸೆಕೆಂಡಿಗೆ ಸೀಸಿಯಂ ಪರಮಾಣುವಿನ 9,19,26,31,770 ಕಂಪನಗಳು ಎಂಬ ಸಂಖ್ಯೆ ಸಿಕ್ಕಿತು. 1967ರಲ್ಲಿ ಅದೇ ಸೆಕೆಂಡಿನ ವ್ಯಾಖ್ಯೆ ಆಯಿತು. ಅಂದರೆ ಇಪ್ಪತ್ತನೆಯ ಶತಮಾನದ ಅತ್ಯಂತ ಕರಾರುವಾಕ್ಕಾದ ಯಂತ್ರದೊಳಗೆ, ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದ ಕಾಲದ ದಿನದ ಉದ್ದ ಸೇರಿಕೊಂಡಿತು. 1970ರ ದಶಕದ ದಿನ ಅದಕ್ಕಿಂತ ಎರಡು–ಮೂರು ಮಿಲಿಸೆಕೆಂಡು ಉದ್ದವಾಗಿತ್ತು. ದಿನಕ್ಕೆ ಎರಡು ಮಿಲಿಸೆಕೆಂಡು ಬಾಕಿ ಉಳಿದರೆ ಐನೂರು ದಿನಕ್ಕೆ ಒಂದು ಸೆಕೆಂಡು. ಲೀಪ್ ಸೆಕೆಂಡುಗಳ ಮೂಲ ಈ ಬಾಕಿಯಲ್ಲಿದೆ. ದಿನದ ಉದ್ದ ಇನ್ನು ಬದಲಾಗದೆ ಹಾಗೇ ನಿಂತರೂ ಅವು ಬರುತ್ತಲೇ ಇರುತ್ತಿದ್ದವು.

ಹಾಗಂತ ಭೂಮಿ ನಿಧಾನವಾಗುತ್ತಿರುವುದೇನೂ ಸುಳ್ಳಲ್ಲ. ಚಂದ್ರ ಎಬ್ಬಿಸುವ ಉಬ್ಬರವಿಳಿತದ ಘರ್ಷಣೆಯಿಂದ ಭೂಮಿ ತನ್ನ ತಿರುಗುವ ಶಕ್ತಿಯನ್ನು ಕಳೆದುಕೊಳ್ಳುತ್ತಿದೆ. ಅದರ ಫಲವಾಗಿ ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. ಉಬ್ಬರವಿಳಿತ ಒಂದೇ ಕಾರಣವಾಗಿದ್ದರೆ ದಿನ ಶತಮಾನಕ್ಕೆ 2.3 ಮಿಲಿಸೆಕೆಂಡು ಉದ್ದವಾಗಬೇಕಿತ್ತು. ಹಿಮಯುಗದ ಭಾರ ಕಳಚಿದ ಧ್ರುವಪ್ರದೇಶದ ನೆಲ ಇವತ್ತಿಗೂ ನಿಧಾನವಾಗಿ ಮೇಲೇಳುತ್ತಿರುವುದರಿಂದ ಭೂಮಿಗೆ ಅಷ್ಟಿಷ್ಟು ವೇಗ ಮರಳಿ ಸಿಗುತ್ತದೆ. ಎರಡೂ ಕೂಡಿಕಳೆದು ಉಳಿಯುವುದು ಶತಮಾನಕ್ಕೆ ಸುಮಾರು 1.8 ಮಿಲಿಸೆಕೆಂಡು. ಎಫ್. ರಿಚರ್ಡ್ ಸ್ಟೀಫನ್‌ಸನ್ ಮತ್ತು ಸಂಗಡಿಗರು ಈ ಸಂಖ್ಯೆಗೆ ಬಂದದ್ದು ಕ್ರಿಸ್ತಪೂರ್ವ 720ರಿಂದೀಚೆಗಿನ ಗ್ರಹಣಗಳ ದಾಖಲೆ ಜಾಲಾಡಿ. ಅವರ ಸಾಕ್ಷಿಗಳಲ್ಲಿ ಬಹಳ ಹೆಸರಾದದ್ದು ಕ್ರಿಸ್ತಪೂರ್ವ 136ರ ಏಪ್ರಿಲ್ 15ರಂದು ಬ್ಯಾಬಿಲೋನಿನಲ್ಲಿ ಕಂಡ ಖಗ್ರಾಸ ಸೂರ್ಯಗ್ರಹಣ. ಅದನ್ನು ಮಣ್ಣಿನ ಹಲಗೆಯ ಮೇಲೆ ಬರೆದಿಟ್ಟಿದ್ದಾರೆ. ಭೂಮಿ ಅಂದಿನಿಂದ ಒಂದೇ ವೇಗದಲ್ಲಿ ತಿರುಗುತ್ತಾ ಬಂದಿದೆ ಎಂದು ಲೆಕ್ಕ ಹಾಕಿದರೆ ಆ ನೆರಳು ಬ್ಯಾಬಿಲೋನಿನ ಮೇಲೆ ಬೀಳುವುದೇ ಇಲ್ಲ, ಸ್ಪೇನಿನ ಮಯೋರ್ಕಾ ದ್ವೀಪದ ಕಡೆ ಹೋಗುತ್ತದೆ. ಸುಮಾರು 49 ರೇಖಾಂಶಗಳ ಅಂತರ, ಸಮಯದಲ್ಲಿ ಮೂರು ಗಂಟೆಗೂ ಹೆಚ್ಚು. ಶತಮಾನಕ್ಕೆ ಎರಡು ಮಿಲಿಸೆಕೆಂಡೂ ಇಲ್ಲದ ವ್ಯತ್ಯಾಸ ದಿನದ ಮೇಲೆ ದಿನ ಕೂಡುತ್ತಾ ಹೋದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ನೋಡಿಲ್ಲ.

ನಮ್ಮ ನೆಲದ ಮೇಲೂ ಇದೇ ಗಣಿತ ಬೇಕಾಗಿತ್ತು. 1980ರ ಫೆಬ್ರವರಿ 16ರ ಖಗ್ರಾಸ ಗ್ರಹಣದ ನೆರಳು ಕಾರವಾರ–ಅಂಕೋಲಾದ ಕರಾವಳಿಯಲ್ಲಿ ನೆಲ ಹತ್ತಿ ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋಯಿತು. ಗ್ರಹಗತಿ ಲೆಕ್ಕದ ಏಕರೂಪ ಕಾಲಕ್ಕೂ ಭೂಮಿಯ ಸುತ್ತಿನ ಕಾಲಕ್ಕೂ ಆ ಹೊತ್ತಿಗೆ ಸುಮಾರು 50 ಸೆಕೆಂಡು ಅಂತರ ಬಿದ್ದಿತ್ತು. ಆ ತಿದ್ದುಪಡಿ ಬಿಟ್ಟು ನಕ್ಷೆ ಬರೆದಿದ್ದರೆ ನೆರಳಿನ ಹಾದಿ ಪೂರ್ವ–ಪಶ್ಚಿಮ ದಿಕ್ಕಿನಲ್ಲಿ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಸರಿಯುತ್ತಿತ್ತು. ಅಂಚಿನ ಊರುಗಳಲ್ಲಿ ದೂರದರ್ಶಕ ಹೂಡಿ ಕೂತವರಿಗೆ ಅದೇನು ಸಣ್ಣ ವಿಷಯವಲ್ಲ.

ಹೀಗೆ ಎರಡು ಕಾಲಗಳಾದವು. ಒಂದು ಪರಮಾಣುವಿನದು, ತಪ್ಪದೆ ನಡೆಯುವಂಥದು. ಇನ್ನೊಂದು ಭೂಮಿಯದು, ಬೇಕೆಂದಾಗ ನಿಧಾನ, ಬೇಕೆಂದಾಗ ಚುರುಕು. ಇವೆರಡಕ್ಕೂ ರಾಜಿ ಮಾಡಿಸಿ 1972ರಲ್ಲಿ ತಂದದ್ದು ಈಗ ಜಗತ್ತೆಲ್ಲ ಬಳಸುವ ಯುಟಿಸಿ. ಅದರ ಸೆಕೆಂಡು ಪರಮಾಣುವಿನದು. ಆದರೆ ಭೂಮಿಯ ಕಾಲಕ್ಕಿಂತ 0.9 ಸೆಕೆಂಡಿಗೂ ಹೆಚ್ಚು ದೂರ ಹೋಗುವಂತಿಲ್ಲ, ಹೋಗುವ ಹಾಗೆ ಕಂಡರೆ ಜೂನ್ ಅಥವಾ ಡಿಸೆಂಬರ್ ಕೊನೆಗೆ ಒಂದು ಸೆಕೆಂಡು ಸೇರಿಸಬೇಕು ಇಲ್ಲವೇ ಕಳೆಯಬೇಕು. ಈ ಹಟಕ್ಕೆ ಕಾರಣ ಮುಖ್ಯವಾಗಿ ಹಡಗುಗಳು. ಆಗ ಸಮುದ್ರದ ನಡುವೆ ನಾವಿಕರು ಸೆಕ್ಸ್‌ಟೆಂಟ್ ಹಿಡಿದು ನಕ್ಷತ್ರ ಅಳೆದು, ರೇಡಿಯೊ ಸಮಯಸಂಕೇತ ಕೇಳಿ ತಮ್ಮ ರೇಖಾಂಶ ಕಂಡುಹಿಡಿಯುತ್ತಿದ್ದರು. ಸಮಭಾಜಕದ ಬಳಿ ಒಂದು ಸೆಕೆಂಡು ತಪ್ಪಿದರೆ ಹಡಗಿನ ಜಾಗ ಸುಮಾರು 465 ಮೀಟರ್ ತಪ್ಪುತ್ತದೆ. ಅಂದಿನ ಮಟ್ಟಿಗೆ ಅದು ಸರಿಯಾದ ಏರ್ಪಾಡೇ ಆಗಿತ್ತು.

ಪಂಚಾಂಗ ಬಲ್ಲವರಿಗೆ ಇದು ಗುರುತಿನ ಸಂಗತಿ. ಚಾಂದ್ರಮಾನವೂ ಸೌರಮಾನವೂ ಕೂಡಿಬರುವುದಿಲ್ಲವೆಂದು ಸಂಕ್ರಾಂತಿ ಇಲ್ಲದ ತಿಂಗಳನ್ನು ಅಧಿಕಮಾಸವೆಂದು ಸೇರಿಸುತ್ತೇವೆ. ಎರಡು ಸಂಕ್ರಾಂತಿ ಬಿದ್ದ ಅಪರೂಪದ ತಿಂಗಳು ಕ್ಷಯಮಾಸ, 1982–83ರಲ್ಲಿ ಬಂದಿತ್ತು. ಲೀಪ್ ಸೆಕೆಂಡನ್ನೂ ಅಧಿಕ ಸೆಕೆಂಡು ಎಂದು ಕರೆದುಬಿಡಬಹುದು. ಆದರೆ ಹೋಲಿಕೆ ಇಲ್ಲಿಗೇ ಮುರಿಯುತ್ತದೆ, ಸಮಸ್ಯೆಯ ಬೇರೂ ಅಲ್ಲೇ ಇದೆ. 2026ರಲ್ಲಿ ಅಧಿಕ ಜ್ಯೇಷ್ಠ ಬರುತ್ತದೆಂದು ಒಂಟಿಕೊಪ್ಪಲಿನ ಪಂಚಾಂಗಕರ್ತರು ಐವತ್ತು ವರ್ಷ ಮೊದಲೇ ಹೇಳಬಲ್ಲವರಾಗಿದ್ದರು. ಲೀಪ್ ಸೆಕೆಂಡನ್ನು ಯಾವ ಗಣಿತಜ್ಞನೂ ಹಾಗೆ ಹೇಳಲಾರ. ದೂರದ ಕ್ವೇಸಾರ್‌ಗಳತ್ತ ರೇಡಿಯೊ ದೂರದರ್ಶಕಗಳನ್ನು ತಿರುಗಿಸಿ ಭೂಮಿಯ ಸುತ್ತನ್ನು ದಿನವೂ ಅಳೆಯುತ್ತಿರುವ ಅಂತರರಾಷ್ಟ್ರೀಯ ಸೇವೆಯ ಪ್ಯಾರಿಸ್ ಕಚೇರಿ, ಆರು ತಿಂಗಳು ಮೊದಲು ಒಂದು ಪ್ರಕಟಣೆ ಹೊರಡಿಸುತ್ತದೆ, ಅಷ್ಟೆ. 1972ರಿಂದ 1979ರವರೆಗಿನ ಎಂಟು ವರ್ಷದಲ್ಲಿ ಒಂಬತ್ತು ಸೆಕೆಂಡು ಸೇರಿದವು. 1998ರ ಕೊನೆಯಲ್ಲಿ ಒಂದು ಸೇರಿದ ಮೇಲೆ 2005ರ ಕೊನೆಯವರೆಗೆ ಒಂದೂ ಇಲ್ಲ. ಈ ಮಧ್ಯೆ ಇಂಟರ್‌ನೆಟ್ ಮನೆಮನೆಗೆ ಬಂತು. ತಂತ್ರಾಂಶ ಬರೆಯುವ ಒಂದು ಇಡೀ ಪೀಳಿಗೆ ಲೀಪ್ ಸೆಕೆಂಡು ಎಂಬುದೊಂದಿದೆ ಎಂದು ತಿಳಿಯದೆಯೇ ಕೆಲಸ ಕಲಿತಿತು.

ಬಹಳಷ್ಟು ಕಂಪ್ಯೂಟರುಗಳು ಸಮಯವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಎಣಿಕೆಯಾಗಿ ಇಟ್ಟುಕೊಳ್ಳುತ್ತವೆ. ಆ ಎಣಿಕೆಯಲ್ಲಿ ಪ್ರತಿ ದಿನಕ್ಕೂ 86,400 ಸೆಕೆಂಡೇ. 86,401ನೆಯದಕ್ಕೆ ಜಾಗವೇ ಇಲ್ಲ. ಹಾಗಾಗಿ ಅಧಿಕ ಸೆಕೆಂಡು ಬಂದಾಗ ಒಂದೇ ಸೆಕೆಂಡನ್ನು ಎರಡು ಸಲ ಎಣಿಸಬೇಕು, ಅಂದರೆ ಗಡಿಯಾರ ಹಿಂದಕ್ಕೆ ಹಾರಬೇಕು. ಹಿಂದಕ್ಕೆ ಹಾರುವ ಗಡಿಯಾರವನ್ನು ಯಾವ ತಂತ್ರಾಂಶ ನಿರೀಕ್ಷಿಸುತ್ತದೆ? 2012ರ ಜೂನ್ 30ರ ಸೆಕೆಂಡು ನಮ್ಮಲ್ಲಿ ಭಾನುವಾರ ಬೆಳಗ್ಗೆ ಬಂತು. ಲಿನಕ್ಸ್‌ನ ತಿರುಳಿನಲ್ಲಿ ಅಡಗಿದ್ದ ಒಂದು ದೋಷದಿಂದ, ಸಮಯ ಬದಲಾಗಿದೆ ಎಂಬ ಸುದ್ದಿ ಅದರೊಳಗಿನ ಟೈಮರುಗಳಿಗೆ ತಲುಪಲಿಲ್ಲ. ಅರ್ಧ ಸೆಕೆಂಡು ಮಲಗಿ ಏಳಬೇಕಾದ ಕೆಲಸಗಳು ಮಲಗದೆ ಮತ್ತೆ ಮತ್ತೆ ಎದ್ದು ಪ್ರೊಸೆಸರನ್ನು ಪೂರ್ತಿ ತಿಂದುಹಾಕಿದವು. ರೆಡಿಟ್, ಲಿಂಕ್ಡ್‌ಇನ್, ಮೊಜಿಲ್ಲಾ ತಾಣಗಳು ತೊಂದರೆಗೆ ಸಿಕ್ಕವು. ಆಸ್ಟ್ರೇಲಿಯಾದ ಕ್ವಾಂಟಸ್ ವಿಮಾನಗಳು ಟಿಕೆಟ್ ವ್ಯವಸ್ಥೆ ಕೈಕೊಟ್ಟು ತಡವಾದವು. ಚಿಕಿತ್ಸೆ ಮಾತ್ರ ತಮಾಷೆಯಾಗಿತ್ತು: ಕಂಪ್ಯೂಟರಿಗೆ ಈಗಿನ ಸಮಯವನ್ನೇ ಮತ್ತೊಮ್ಮೆ ಕೈಯಾರೆ ಹೇಳಿದರೆ ಸಾಕು, ಸರಿಹೋಗುತ್ತಿತ್ತು. 2017ರ ಹೊಸವರ್ಷದಂದು ಕ್ಲೌಡ್‌ಫ್ಲೇರ್ ಸಂಸ್ಥೆಯ ವಿಳಾಸ ಹುಡುಕುವ ತಂತ್ರಾಂಶ ಕುಸಿದದ್ದಕ್ಕೆ ಕಾರಣವೂ ಇಂಥದೇ. ಎರಡು ಕ್ಷಣಗಳ ನಡುವಿನ ಅಂತರ ಎಂದೂ ಸೊನ್ನೆಗಿಂತ ಕಡಿಮೆ ಆಗದು ಎಂದು ಅದು ನಂಬಿತ್ತು, ಆ ಬೆಳಗ್ಗೆ ಆಯಿತು. ತಪ್ಪು ಏನೆಂದು ಆ ಸಂಸ್ಥೆಯೇ ಬಿಡಿಸಿ ಬರೆದು ಪ್ರಕಟಿಸಿತು ಎನ್ನುವುದು ಮೆಚ್ಚಬೇಕಾದ ಮಾತು.

ಗೂಗಲ್ ಕಂಡುಕೊಂಡ ದಾರಿ ಬೇರೆ. ಒಂದು ಸೆಕೆಂಡನ್ನು ಇಡಿಯಾಗಿ ಸೇರಿಸದೆ 24 ಗಂಟೆಗಳಿಗೆ ಸವರಿಬಿಡುವುದು. ಆ ದಿನದ ಪ್ರತಿ ಸೆಕೆಂಡೂ ಸುಮಾರು 11.6 ಮೈಕ್ರೋಸೆಕೆಂಡಿನಷ್ಟು ಹಿಗ್ಗುತ್ತದೆ, ಯಾವ ತಂತ್ರಾಂಶಕ್ಕೂ ಗೊತ್ತಾಗುವುದಿಲ್ಲ. ಜಾಣತನವೇ ಸರಿ. ಆದರೆ ಎಲ್ಲರೂ ಒಂದೇ ರೀತಿ ಸವರುವುದಿಲ್ಲ, ಕೆಲವರು ಸವರುವುದೇ ಇಲ್ಲ. ಆ ಒಂದು ದಿನ ಜಗತ್ತಿನಲ್ಲಿ ಒಂದಕ್ಕಿಂತ ಹೆಚ್ಚು ‘ಅಧಿಕೃತ’ ಸಮಯಗಳಿದ್ದು, ಅವುಗಳ ನಡುವೆ ಅರ್ಧ ಸೆಕೆಂಡಿನವರೆಗೂ ವ್ಯತ್ಯಾಸ ಬರಬಹುದು. ಎಲ್ಲರ ಗಡಿಯಾರವೂ ಒಂದೇ ಹೇಳಲಿ ಎಂದು ಕಟ್ಟಿದ ವ್ಯವಸ್ಥೆಯಲ್ಲಿ ಇದು ನಡೆಯುತ್ತಿದೆ.

ಉಪಗ್ರಹ ಪಥದರ್ಶನದವರಂತೂ ಮೊದಲಿನಿಂದಲೇ ಈ ಗೊಡವೆಗೆ ಹೋಗಲಿಲ್ಲ. ಜಿಪಿಎಸ್ 1980ರ ಜನವರಿ 6ರಿಂದ ಬಿಡುವಿಲ್ಲದೆ ಎಣಿಸುತ್ತಿದೆ, ಈಗ ಯುಟಿಸಿಗಿಂತ 18 ಸೆಕೆಂಡು ಮುಂದಿದೆ. ನಮ್ಮ ನಾವಿಕ್ ಕೂಡ ಹಾಗೆಯೇ. ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿ ಇಸ್ರೋ ಕಾಯುವ ಅದರ ಕಾಲ 1999ರ ಆಗಸ್ಟ್ 22ರಿಂದ ಶುರುವಾಗಿ ಲೀಪ್ ಸೆಕೆಂಡುಗಳಿಲ್ಲದೆ ಸಾಗುತ್ತದೆ. ಯುಟಿಸಿಗೆ ಎಷ್ಟು ಅಂತರ ಎಂಬುದನ್ನು ಸಂಕೇತದೊಳಗೆ ಬೇರೆಯಾಗಿ ಕಳಿಸಿಕೊಡುತ್ತಾರೆ. ರಷ್ಯದ ಗ್ಲೋನಾಸ್ ಮಾತ್ರ ಯುಟಿಸಿಯನ್ನೇ ನಂಬಿ ಕೂತಿದೆ. ಲೀಪ್ ಸೆಕೆಂಡು ರದ್ದಾಗಬಾರದೆಂದು ರಷ್ಯ ಇಷ್ಟು ವರ್ಷ ಪಟ್ಟು ಹಿಡಿದದ್ದಕ್ಕೆ ಇದೊಂದು ದೊಡ್ಡ ಕಾರಣ.

ಈಗ ಭೂಮಿಯ ಹೊಸ ಆಟದ ಮಾತು. 2016ರ ಆ ಸೆಕೆಂಡಿನ ನಂತರ ಒಂದೂ ಬೇಕಾಗಿಲ್ಲ, ಏಕೆಂದರೆ ಭೂಮಿ ಚುರುಕಾಗಿದೆ. 2020ರಿಂದ ಈಚೆಗೆ 86,400 ಸೆಕೆಂಡಿಗಿಂತ ಕಡಿಮೆ ಉದ್ದದ ದಿನಗಳು ಸಾಲುಸಾಲಾಗಿ ಬಂದವು. 2024ರ ಜುಲೈ 5 ಪರಮಾಣು ಗಡಿಯಾರಗಳ ಯುಗದಲ್ಲೇ ಗಿಡ್ಡ ದಿನ, 1.66 ಮಿಲಿಸೆಕೆಂಡು ಕಡಿಮೆ. ಉಬ್ಬರವಿಳಿತದ ಹಿಡಿತ ಸಡಿಲಾಗಿಲ್ಲ. ಅದು ಸಾವಿರಾರು ವರ್ಷದ ಪ್ರವೃತ್ತಿ. ವರ್ಷಗಳ, ದಶಕಗಳ ಏರಿಳಿತಕ್ಕೆ ಬೇರೆ ಕಾರಣಗಳಿವೆ. ವರ್ಷದಿಂದ ವರ್ಷಕ್ಕಾಗುವ ಏರಿಳಿತದಲ್ಲಿ ಗಾಳಿಯ ಪಾತ್ರ ದೊಡ್ಡದು. ಎಲ್ ನಿನೋ ವರ್ಷಗಳಲ್ಲಿ ವಾತಾವರಣ ಹೆಚ್ಚು ಸಂವೇಗ ಹೊತ್ತುಕೊಂಡು ನೆಲವನ್ನು ನಿಧಾನ ಮಾಡುತ್ತದೆ. 2004ರ ಸುಮಾತ್ರಾ ಭೂಕಂಪದಿಂದ ದಿನ 2.68 ಮೈಕ್ರೋಸೆಕೆಂಡು ಗಿಡ್ಡವಾಗಿರಬೇಕೆಂದು ಲೆಕ್ಕ ಹಾಕಿದ್ದರು. ಪತ್ರಿಕೆಗಳಿಗೆ ಅದು ಒಳ್ಳೆಯ ಸುದ್ದಿ, ಆದರೆ ಈ ವ್ಯವಹಾರದಲ್ಲಿ ಚಿಲ್ಲರೆ. ದಶಕಗಳ ಏರಿಳಿತದಲ್ಲಿ ದೊಡ್ಡ ಕೈವಾಡ ಭೂಮಿಯ ಒಡಲಿನ ದ್ರವಲೋಹದ ತಿರುಳಿನದು. ತಿರುಳು ನಿಧಾನವಾದರೆ ಅದು ಬಿಟ್ಟುಕೊಟ್ಟ ಕೋನೀಯ ಸಂವೇಗ ಹೊರಗಿನ ಕವಚಕ್ಕೆ ಬಂದು, ಕವಚ, ಅದರ ಜತೆ ನಾವೂ, ತುಸು ಬೇಗ ತಿರುಗುತ್ತೇವೆ.

ಕ್ಯಾಲಿಫೋರ್ನಿಯಾದ ಭೂಭೌತವಿಜ್ಞಾನಿ ಡಂಕನ್ ಆಗ್ನ್ಯೂ 2024ರ ಮಾರ್ಚ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಲೆಕ್ಕವನ್ನು ಬಿಡಿಸಿಟ್ಟ. ತಿರುಳಿನ ಈ ಕೆಲಸ ಹೀಗೇ ಮುಂದುವರಿದರೆ ಗಡಿಯಾರದಿಂದ ಒಂದು ಸೆಕೆಂಡು ಕಳೆಯಬೇಕಾದೀತು, ಅಂದರೆ ಕ್ಷಯ ಸೆಕೆಂಡು. ಅದು 2026ರಷ್ಟು ಬೇಗ ಬೇಕಾಗುತ್ತಿತ್ತು. ಆದರೆ ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ ಹಿಮ ಕರಗಿದ ನೀರು ಧ್ರುವಗಳನ್ನು ಬಿಟ್ಟು ಸಮಭಾಜಕದತ್ತ ಹರಡಿ, ಅಕ್ಷದಿಂದ ದೂರವಾಗಿ, ಭೂಮಿಯನ್ನು ನಿಧಾನ ಮಾಡುತ್ತಿದೆ. ಅದರಿಂದಾಗಿ ಕ್ಷಯ ಸೆಕೆಂಡು 2029ರ ಸುಮಾರಿಗೆ ಮುಂದೆ ಹೋಗಿದೆ ಎಂಬುದು ಅವನ ಅಂದಾಜು. ಮನುಷ್ಯರ ಹೊಗೆಯಿಂದ ಭೂಮಿಯ ಸುತ್ತು ಅಳತೆಗೆ ಸಿಗುವಷ್ಟು ಬದಲಾಗಿದೆ ಎಂಬ ಮಾತು ನನ್ನನ್ನು ತಡೆದು ನಿಲ್ಲಿಸಿತು. ಅಂದಾಜು ನಿಜವಾಗಬೇಕೆಂದೇನಿಲ್ಲ. ತಿರುಳಿನ ಮನಸ್ಸು ಯಾರಿಗೂ ತಿಳಿಯದು. 2025ರಲ್ಲಿ ಎರಡು ಕಾಲಗಳ ಅಂತರ ಸೊನ್ನೆಯ ಆಸುಪಾಸಿನಲ್ಲೇ, ಒಂದು ಸೆಕೆಂಡಿನ ಹತ್ತನೆಯ ಒಂದಂಶದೊಳಗೇ ಆಡುತ್ತಿತ್ತು.

ಕ್ಷಯ ಸೆಕೆಂಡು ಬಂದರೆ ನಮ್ಮ ಗಡಿಯಾರ 5:29:58 ಆದ ಮೇಲೆ ನೇರ 5:30:00ಕ್ಕೆ ಜಿಗಿಯಬೇಕು. ನಿಯಮದಲ್ಲಿ ಇದಕ್ಕೆ ಅವಕಾಶ ಐವತ್ತು ವರ್ಷದಿಂದ ಇದೆ. ಒಮ್ಮೆಯೂ ನಡೆದಿಲ್ಲ. 27 ಸಲ ಅಭ್ಯಾಸವಾದ ಮೇಲೂ ಅಧಿಕ ಸೆಕೆಂಡು ಇಷ್ಟು ಗೋಳಾಡಿಸಿದೆ, ಅಭ್ಯಾಸವೇ ಇಲ್ಲದ ಕ್ಷಯ ಸೆಕೆಂಡು ಏನು ಮಾಡೀತು ಎಂಬ ಹೆದರಿಕೆ ಸಹಜ. 2022ರ ಜುಲೈನಲ್ಲಿ ಮೆಟಾ ಸಂಸ್ಥೆಯ ಎಂಜಿನಿಯರುಗಳು ಲೀಪ್ ಸೆಕೆಂಡು ನಿಲ್ಲಿಸಿ ಎಂದು ಬಹಿರಂಗವಾಗಿ ಕೇಳಿಕೊಂಡದ್ದರ ಹಿಂದೆ ಈ ಹೆದರಿಕೆಯೂ ಇತ್ತು.

ವರ್ಸೇಲ್ಸ್‌ನಲ್ಲಿ ಆದ ತೀರ್ಮಾನ ಇಷ್ಟು: 0.9 ಸೆಕೆಂಡು ಎಂಬ ಮಿತಿಯನ್ನು 2035ರೊಳಗೆ ದೊಡ್ಡದು ಮಾಡುವುದು, ಕನಿಷ್ಠ ನೂರು ವರ್ಷ ಕಾಲಕ್ಕೆ ಕೈಹಾಕಬೇಕಾಗದಷ್ಟು ದೊಡ್ಡದು. ಎಷ್ಟು ದೊಡ್ಡದು ಎಂಬ ಪ್ರಸ್ತಾಪವನ್ನು 2026ರ ಮಹಾಸಭೆಗೆ ಬಿಟ್ಟರು. 2012 ಮತ್ತು 2015ರ ವಿಶ್ವ ರೇಡಿಯೊ ಸಮ್ಮೇಳನಗಳು ಇದೇ ಪ್ರಶ್ನೆಯನ್ನು ಮುಂದೂಡಿದ್ದವು. ಆಗ ಅಮೆರಿಕ, ಫ್ರಾನ್ಸ್, ಜಪಾನ್ ರದ್ದತಿಯ ಕಡೆ ಇದ್ದವು, ರಷ್ಯ, ಬ್ರಿಟನ್ ವಿರುದ್ಧ. 2023ರ ಕೊನೆಗೆ ದುಬೈನಲ್ಲಿ ಸೇರಿದ ರೇಡಿಯೊ ಸಮ್ಮೇಳನ ವರ್ಸೇಲ್ಸ್ ತೀರ್ಮಾನವನ್ನು ಒಪ್ಪಿತು, ಉಪಕರಣ ಬದಲಿಸಲಾಗದವರಿಗೆ 2040ರವರೆಗೆ ಸಮಯ ಬಿಟ್ಟುಕೊಟ್ಟು.

ವಿರೋಧಿಸುವವರ ಒಂದು ವಾದ ನನಗೆ ಎಂದೂ ಹಿಡಿಸಿಲ್ಲ: ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲೆ ಇರಬೇಕು, ಆ ನಂಟು ಕಡಿಯಬಾರದು ಎಂಬುದು. ಆ ನಂಟು ಕಡಿದು ನೂರು ವರ್ಷದ ಮೇಲಾಯಿತು. ಭಾರತಕ್ಕೆ 1906ರಲ್ಲಿ ಒಂದೇ ಸಮಯ ತಂದಾಗ ಅದನ್ನು 82.5 ಡಿಗ್ರಿ ರೇಖಾಂಶಕ್ಕೆ ಕಟ್ಟಿದರು. ಬೆಂಗಳೂರಿನ ಸೂರ್ಯ ಸರಾಸರಿ ಲೆಕ್ಕದಲ್ಲಿ ನೆತ್ತಿಗೆ ಬರುವುದು ಹನ್ನೆರಡು ಇಪ್ಪತ್ತಕ್ಕೆ, ಮಂಗಳೂರಿನಲ್ಲಿ ಹನ್ನೆರಡೂವರೆಗೆ. ಅದರ ಮೇಲೆ ಋತುವಿಗೆ ತಕ್ಕಂತೆ ಹದಿನಾರು ನಿಮಿಷದವರೆಗೂ ಹಿಂದೆ ಮುಂದೆ. ಚೀನಾದ ಕಾಶ್ಗರ್‌ನಲ್ಲಿ ಅಧಿಕೃತ ಸಮಯದ ಪ್ರಕಾರ ನಡುಹಗಲು ಮೂರು ಗಂಟೆಯ ಹತ್ತಿರ. ಇಷ್ಟೆಲ್ಲ ಸಹಿಸಿಕೊಂಡವರು ಶತಮಾನಕ್ಕೆ ಸುಮಾರು ಒಂದು ನಿಮಿಷದ ಜಾರಾಟಕ್ಕೆ ಕಂಗೆಡಬೇಕೆ?

ಬಲವಾದ ವಾದ ಬೇರೆ ಇದೆ. ಯುಟಿಸಿ ಭೂಮಿಯ ಬಳಿಯೇ ಇರುತ್ತದೆ ಎಂದು ನಂಬಿ ಬರೆದ ದೂರದರ್ಶಕಗಳ, ಉಪಗ್ರಹ ಬೆನ್ನಟ್ಟುವ ಆಂಟೆನಾಗಳ ಹಳೆಯ ತಂತ್ರಾಂಶ ಇನ್ನೂ ಚಾಲ್ತಿಯಲ್ಲಿದೆ. ಒಂದು ಸೆಕೆಂಡು ತಪ್ಪಿದರೆ ಆಕಾಶದಲ್ಲಿ 15 ಆರ್ಕ್‌ಸೆಕೆಂಡು ತಪ್ಪುತ್ತದೆ. ಅದನ್ನೆಲ್ಲ ಹುಡುಕಿ ತಿದ್ದುವುದಕ್ಕೆ ಹಣವೂ ಜನವೂ ಬೇಕು. ಇದನ್ನು ಒಪ್ಪುತ್ತೇನೆ. ಆದರೆ ನಿಖರತೆ ನಿಜವಾಗಿ ಬೇಕಾದವರಿಗೆ 0.9 ಸೆಕೆಂಡಿನ ಭರವಸೆ ಇವತ್ತೂ ಸಾಲುವುದಿಲ್ಲ. ಅವರು ಭೂಮಿಯ ಕಾಲವನ್ನು ಈಗಾಗಲೇ ಬೇರೆಯಾಗಿ ತರಿಸಿಕೊಂಡು ಬಳಸುತ್ತಿದ್ದಾರೆ. ಉಳಿದವರಿಗೆ 2035ರವರೆಗೆ ವ್ಯವಧಾನವಿದೆ.

ನನಗೆ ಒಪ್ಪಿಗೆಯಾಗದ್ದು, ಸೆಕೆಂಡಿನ ಬದಲು ನೂರು ವರ್ಷಕ್ಕೊಮ್ಮೆ ಒಂದು ‘ಲೀಪ್ ಮಿನಿಟ್’ ಸೇರಿಸೋಣ ಎಂಬ ಸಲಹೆ. ವರ್ಷ ಎರಡು ವರ್ಷಕ್ಕೊಮ್ಮೆ ಬಂದ ಅಪವಾದವನ್ನೇ ಸರಿಯಾಗಿ ನಿಭಾಯಿಸಲಾಗದೆ ಸೋತವರು, ಯಾರ ನೆನಪಿನಲ್ಲೂ ಇಲ್ಲದ ಅರವತ್ತು ಸೆಕೆಂಡಿನ ಅಪವಾದವನ್ನು ಮೊಮ್ಮಕ್ಕಳ ಮೇಲೆ ಹೇರುವುದು ಯಾವ ನ್ಯಾಯ? ಅದಕ್ಕಿಂತ ಅಂತರ ಗಂಟೆಯಷ್ಟು ಆಗುವವರೆಗೆ ಬಿಟ್ಟುಬಿಡಬಹುದು, ಅದಕ್ಕೆ ಹಲವು ಶತಮಾನ ಬೇಕು. ಆಗ ಬೇಕೆನಿಸಿದ ದೇಶ ತನ್ನ ಸಮಯವಲಯವನ್ನು ಒಂದು ಗಂಟೆ ಬದಲಿಸಿಕೊಳ್ಳಲಿ. ಗಡಿಯಾರವನ್ನು ಗಂಟೆಯಷ್ಟು ಸರಿಸುವುದು ಅನೇಕ ದೇಶಗಳಿಗೆ ವರ್ಷಕ್ಕೆರಡು ಸಲದ ರೂಢಿ, ಕಂಪ್ಯೂಟರುಗಳಿಗೂ ಅದು ಚೆನ್ನಾಗಿ ಗೊತ್ತು.

ನಮ್ಮ ದೇಶಕ್ಕೆ ಇದರಲ್ಲಿ ಒಂದು ತಕ್ಷಣದ ಕೆಲಸವಿದೆ. ಇಲ್ಲಿನ ಜಾಲಗಳು ಬಹುಪಾಲು ಸಮಯ ಪಡೆಯುತ್ತಿದ್ದದ್ದು ಜಿಪಿಎಸ್‌ನಂಥ ಹೊರಗಿನ ಮೂಲಗಳಿಂದ. ಭೌತ ಪ್ರಯೋಗಾಲಯದ ಅಥವಾ ರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ ಕೇಂದ್ರದ (ಎನ್‌ಐಸಿ) ಸರ್ವರುಗಳಿಗೆ ಹೊಂದಿಸಿಕೊಳ್ಳಿ ಎಂದು 2022ರ ಏಪ್ರಿಲಿನಲ್ಲಿ ಸರ್ಕಾರ ಆದೇಶಿಸಿತು. ಬೆಂಗಳೂರು, ಅಹಮದಾಬಾದ್, ಭುವನೇಶ್ವರ, ಫರೀದಾಬಾದ್, ಗುವಾಹಟಿಗಳ ಕಾನೂನು ಮಾಪನ ಪ್ರಯೋಗಾಲಯಗಳಿಂದ ಅಧಿಕೃತ ಸಮಯ ಹಂಚುವ ಯೋಜನೆ ಇದೆ. ಭಾರತೀಯ ಕಾಲಮಾನವನ್ನು ಕಡ್ಡಾಯ ಮಾಡುವ ಕರಡು ನಿಯಮಗಳು 2025ರ ಜನವರಿಯಲ್ಲಿ ಹೊರಬಂದವು. ಎಲ್ಲರೂ ಒಂದೇ ಮೂಲದಿಂದ ಸಮಯ ಪಡೆಯುವುದು ಒಳ್ಳೆಯದೇ. ಆದರೆ 2029ರಲ್ಲೋ ಆಮೇಲೋ ಕ್ಷಯ ಸೆಕೆಂಡು ಬಂದರೆ ಆ ಮೂಲ ಒಮ್ಮೆಗೇ ಜಿಗಿಯುತ್ತದೆಯೋ, ದಿನವಿಡೀ ಸವರುತ್ತದೆಯೋ ಎಂಬುದನ್ನು ಈಗಲೇ ಬರೆದಿಟ್ಟು, ಬ್ಯಾಂಕು, ವಿದ್ಯುತ್ ಜಾಲ, ದೂರಸಂಪರ್ಕದವರನ್ನು ಕೂಡಿಸಿ ಒಂದು ಸಲ ಸುಳ್ಳು ಕ್ಷಯ ಸೆಕೆಂಡು ಕೊಟ್ಟು ಪರೀಕ್ಷಿಸಬೇಕು. ಅದಕ್ಕಿಂತ ಸರಳವಾದ ದಾರಿ, ಮಿತಿ ಹಿಗ್ಗಿಸುವುದನ್ನು 2035ರವರೆಗೆ ಎಳೆಯದೆ ಮುಂಚಿತವಾಗಿಯೇ ಮಾಡುವುದು. ‘2035ರೊಳಗೆ’ ಎಂದು ಬರೆದ ಠರಾವು ಅದಕ್ಕೆ ಅಡ್ಡ ಬರುವುದಿಲ್ಲ.